ಹುಟ್ಟು ಹಾಕುವವರಿಗೂ ಒಂದು ವಾಚ್ ಹೇಳಿ

ಸಂಪಾದಕರಿಗೆ ನಮಸ್ಕಾರ.

ಹೋದ ಭಾನುವಾರದ ಪುರವಣಿಯಲ್ಲಿ ಫಿಟ್‌ನೆಸ್ ಬ್ಯಾಂಡ್, ಸ್ಮಾರ್ಟ್‌ವಾಚ್ ಕೊಳ್ಳುವವರಿಗೆ ಅಂತ ಇಡೀ ಒಂದು ಪುಟ ಹಾಕಿದ್ದೀರಿ. ಅಂಗಡಿಯಲ್ಲಿ ಕೂತು ಎರಡು ಸಲ ಓದಿದೆ. ನಡೆಯುವವರಿಗೆ ಯಾವುದು, ಓಡುವವರಿಗೆ ಯಾವುದು, ಸೈಕಲ್ ತುಳಿಯುವವರಿಗೆ ಯಾವುದು ಅಂತೆಲ್ಲ ಇದೆ. ಯೋಗ ಮಾಡುವವರಿಗೂ ಒಂದು ಇದೆ. ದೋಣಿಯಲ್ಲಿ ಕೂತು ಹುಟ್ಟು ಹಾಕುವವರ ಸುದ್ದಿಯೇ ಇಲ್ಲ. ಸಮುದ್ರ ಇಲ್ಲದ ಊರಲ್ಲಿ ಅಂಥವರು ಎಷ್ಟು ಜನ ಇದ್ದಾರು ಅಂತ ನೀವು ಕೇಳಬಹುದು. ನಾನೊಬ್ಬ ಇದ್ದೇನೆ. ಶನಿವಾರ ಬೆಳಿಗ್ಗೆ ನನ್ನ ಜೊತೆ ಬರುವವರು ಇನ್ನೂ ಹತ್ತು ಹನ್ನೆರಡು ಜನ ಇದ್ದಾರೆ. ಅವರಲ್ಲಿ ಆರು ಜನ ತಪ್ಪು ವಾಚ್ ಕೊಂಡು ಕೈ ಸುಟ್ಟುಕೊಂಡವರು. ಏಳನೆಯವನು ನಾನು.

ನಾನು ಕೊಂಡಿದ್ದು ನಾಚಿಕೆಯ ವಿಷಯ. ಯಾಕೆಂದರೆ ನನ್ನ ಕಸುಬೇ ಗಡಿಯಾರ. 1984ರಲ್ಲಿ ಜಾಲಹಳ್ಳಿಯ ಎಚ್‌ಎಂಟಿ ವಾಚ್ ಕಾರ್ಖಾನೆಗೆ ಸೇರಿದೆ. ಜಪಾನಿನ ಸಿಟಿಜನ್ ಕಂಪನಿಯ ನೆರವಿನಿಂದ 1961ರಲ್ಲಿ ಶುರುವಾದ ಕಾರ್ಖಾನೆ ಅದು. ಜೋಡಣೆ ಬೆಂಚಿನಲ್ಲಿ ಕೂತು ಎಷ್ಟು ಜನತಾ ವಾಚುಗಳಿಗೆ ಜೀವ ಕೊಟ್ಟೆನೋ ಲೆಕ್ಕ ಇಟ್ಟಿಲ್ಲ. ಆಮೇಲೆ ವಿಆರ್‌ಎಸ್ ತಗೊಂಡು ಮತ್ತಿಕೆರೆಯಲ್ಲಿ ರಿಪೇರಿ ಅಂಗಡಿ ಇಟ್ಟೆ. ಕಾರ್ಖಾನೆ 2016ರಲ್ಲಿ ಮುಚ್ಚಿತು, ಅಂಗಡಿ ನಡೆಯುತ್ತಿದೆ. ಈಗ ನನಗೆ 63.

ಎರಡೂ ಮಂಡಿ ಸವೆದಿವೆ. ನಲವತ್ತು ವರ್ಷ ಸ್ಟೂಲಿನ ಮೇಲೆ ಕೂತವನಿಗೆ ಮಂಡಿ ಹೇಗೆ ಸವೆಯಿತು ಅಂತ ಹೆಂಡತಿ ಇವತ್ತಿಗೂ ಕೇಳುತ್ತಾಳೆ. ವಾಕಿಂಗ್ ಕಮ್ಮಿ ಮಾಡಿ, ಕೈಗೆ ಕೆಲಸ ಕೊಡಿ ಅಂದರು ಡಾಕ್ಟರು. ಅಳಿಯ ಒಂದು ಶನಿವಾರ ಮಂಚನಬೆಲೆಗೆ ಕರೆದುಕೊಂಡು ಹೋದ. ಮಾಗಡಿ ರಸ್ತೆ ಕಡೆ, ಅರ್ಕಾವತಿಗೆ ಕಟ್ಟಿದ ಅಣೆಕಟ್ಟಿನ ಹಿನ್ನೀರು. ಸುಮ್ನೆ ಇಳಿದು ಈಜುವ ಜಾಗ ಅಲ್ಲ ಅದು, ಮುಳುಗಿ ಸತ್ತವರಿದ್ದಾರೆ. ಆದರೆ ಅಲ್ಲಿನ ಕ್ಯಾಂಪಿನವರು ಲೈಫ್ ಜಾಕೆಟ್ ತೊಡಿಸಿ ಕಯಾಕ್ ಅನ್ನುವ ಕಿರಿದಾದ ದೋಣಿ ಕೊಡುತ್ತಾರೆ. ಮೊದಲ ದಿನ ಇಪ್ಪತ್ತು ನಿಮಿಷಕ್ಕೆ ಭುಜ ಬಿದ್ದುಹೋಯಿತು. ಮೂರು ತಿಂಗಳಲ್ಲಿ ಎರಡು ಗಂಟೆ ತಡೆದುಕೊಳ್ಳುವಷ್ಟಾದೆ. ಊರೊಳಗೂ ಕೆರೆಗಳಿವೆಯಲ್ಲ ಅನ್ನಬೇಡಿ. ಬೆಳ್ಳಂದೂರು ಕೆರೆಗೆ 2017ರಲ್ಲಿ ಬೆಂಕಿ ಹತ್ತಿದ್ದನ್ನು ನಿಮ್ಮ ಪತ್ರಿಕೆಯಲ್ಲೇ ಓದಿದ್ದೇನೆ. ನೀರಿಗೇ ಬೆಂಕಿ ಬಿದ್ದ ಮೇಲೆ ನಲವತ್ತು ಕಿಲೋಮೀಟರ್ ದೂರ ಹೋಗದೆ ಇನ್ನೇನು ಮಾಡುವುದು?

ಮಗಳು ಹುಟ್ಟುಹಬ್ಬಕ್ಕೆ ಒಂದು ಬ್ಯಾಂಡ್ ಕೊಡಿಸಿದಳು. ಮುಂದಿನ ಶನಿವಾರ ಕಟ್ಟಿಕೊಂಡು ನೀರಿಗಿಳಿದೆ. ಒಂದೂವರೆ ಗಂಟೆ ಹುಟ್ಟು ಹಾಕಿದ್ದೇನೆ, ಅಂಗಿ ಒದ್ದೆ, ಬಾಯಿ ಒಣಗಿದೆ. ಮಣಿಕಟ್ಟು ಗುರ್ ಅಂತು. ನೋಡಿದರೆ ಒಂದು ಪುಟ್ಟ ಮನುಷ್ಯನ ಚಿತ್ರ. ಬಹಳ ಹೊತ್ತಿನಿಂದ ಕೂತಿದ್ದೀರಿ, ಎದ್ದು ಸ್ವಲ್ಪ ಓಡಾಡಿ ಅನ್ನುತ್ತಿದೆ! ಕಯಾಕಿನಲ್ಲಿ ಎದ್ದು ನಿಂತರೆ ಏನಾಗುತ್ತದೆ ಅಂತ ಅದಕ್ಕೇನು ಗೊತ್ತು. ಆ ದಿನದ ಹೆಜ್ಜೆ ಲೆಕ್ಕ 410. ಅದರಲ್ಲಿ ಮುಕ್ಕಾಲು ಪಾಲು ಕಾರಿನಿಂದ ದಡಕ್ಕೆ ನಡೆದಿದ್ದು.

ತಪ್ಪು ಬ್ಯಾಂಡಿನದು ಮಾತ್ರ ಅಲ್ಲ. ವ್ಯಾಯಾಮ ಅಂದರೆ ಕಾಲು ಅಂತ ನಾವೇ ಒಪ್ಪಿಕೊಂಡುಬಿಟ್ಟಿದ್ದೇವೆ. ದಿನಕ್ಕೆ ಹತ್ತು ಸಾವಿರ ಹೆಜ್ಜೆ ಅನ್ನುತ್ತೇವಲ್ಲ, ಆ ಅಂಕಿ ಯಾವ ಡಾಕ್ಟರೂ ಬರೆದುಕೊಟ್ಟ ಚೀಟಿಯಿಂದ ಬಂದಿದ್ದಲ್ಲ. 1965ರಲ್ಲಿ ಜಪಾನಿನಲ್ಲಿ ಹೆಜ್ಜೆ ಎಣಿಸುವ ಒಂದು ಯಂತ್ರ ಮಾರಾಟಕ್ಕೆ ಬಂತು. ಅದರ ಹೆಸರು ಮಾನ್‌ಪೊ-ಕೆಯ್, ಅಂದರೆ ಹತ್ತು ಸಾವಿರ ಹೆಜ್ಜೆಯ ಮೀಟರು. ಹೆಸರು ಕೇಳಲು ಚೆನ್ನಾಗಿತ್ತು, ಅಂಕಿ ಲೋಕಕ್ಕೆಲ್ಲ ಅಂಟಿಕೊಂಡಿತು. ವ್ಯಾಯಾಮಗಳ ಶ್ರಮ ಅಳೆಯುವವರು ಮೆಟ್ ಅನ್ನುವ ಲೆಕ್ಕ ಬಳಸುತ್ತಾರೆ. ಸುಮ್ಮನೆ ಕೂತಿದ್ದರೆ 1. ಹದವಾಗಿ ಕಯಾಕ್ ನಡೆಸಿದರೆ 5. ನನ್ನ ತೂಕ 70 ಕಿಲೋ. ಮೆಟ್ಟನ್ನು ತೂಕದಿಂದ ಗುಣಿಸಿದರೆ ಗಂಟೆಗೆ 350 ಕ್ಯಾಲೊರಿ ಆಸುಪಾಸು. ನನ್ನ ಬ್ಯಾಂಡು ಎರಡು ಗಂಟೆಗೆ 160 ಕೊಟ್ಟಿತ್ತು. ತರಕಾರಿ ಮಾರ್ಕೆಟ್ಟಿಗೆ ಹೋಗಿ ಬಂದರೂ ಅಷ್ಟು ಕೊಡುತ್ತಿತ್ತು.

ಕ್ಯಾಲೊರಿ ಹಾಳಾಗಿ ಹೋಗಲಿ. ನನಗೆ ಬೇಕಾಗಿದ್ದು ಎದೆಬಡಿತ. ನಾನು ತಗೊಳ್ಳುವ ಬಿಪಿ ಮಾತ್ರೆ ಎದೆಬಡಿತವನ್ನೇ ತಗ್ಗಿಸುವ ಜಾತಿಯದು. ಹಾಗಾಗಿ 220ರಿಂದ ವಯಸ್ಸು ಕಳೆದು ಬಡಿತದ ಮೇಲ್ಮಿತಿ ತಿಳಿಯುವ ಲೆಕ್ಕ ನನಗೆ ಕೂಡಿಬರುವುದಿಲ್ಲ. ನಿಮಿಷಕ್ಕೆ 120 ಬಡಿತ ದಾಟಬೇಡಿ ಅಂತ ಡಾಕ್ಟರು ಬರೆದು ಕೊಟ್ಟಿದ್ದಾರೆ. ಒಂದು ದಿನ ಎದುರುಗಾಳಿ. ದಡಕ್ಕೆ ಬರಲು ಒದ್ದಾಡುತ್ತಿದ್ದೇವೆ. ಇಬ್ಬರು ಕೂರುವ ದೋಣಿ, ಹಿಂದೆ ಅಳಿಯ. ಉಸಿರು ಮೇಲೆ ಕೆಳಗೆ ಆಗುತ್ತಿದೆ, ಬ್ಯಾಂಡು 62 ತೋರಿಸುತ್ತಿದೆ. ಮಲಗಿದವನ ಬಡಿತ ಅದು. ಹುಟ್ಟನ್ನು ತೊಡೆಯ ಮೇಲಿಟ್ಟೆ. ಕುತ್ತಿಗೆಯ ಪಕ್ಕ ಎರಡು ಬೆರಳು ಒತ್ತಿ, 'ಹದಿನೈದು ಸೆಕೆಂಡ್ ಹೇಳಪ್ಪಾ' ಅಂದೆ. 31 ಬಡಿತ ಬಂತು. ನಾಲ್ಕರಿಂದ ಗುಣಿಸಿ, 124. ಡಾಕ್ಟರ ಗೆರೆ ದಾಟಿ ಆಗಿತ್ತು, ಬ್ಯಾಂಡಿಗೆ ಗೊತ್ತೇ ಇಲ್ಲ. ಹಾಗಾದರೆ ಆ 62 ಎಲ್ಲಿಂದ ಬಂತು? ಸ್ವಲ್ಪ ಸುಧಾರಿಸಿಕೊಂಡು ಮತ್ತೆ ಹುಟ್ಟು ಹಾಕುತ್ತಾ ಎಣಿಸಿದೆ. ನಿಮಿಷಕ್ಕೆ ಅರವತ್ತರ ಹತ್ತಿರ ಏಟು. ಅದು ನನ್ನ ಎದೆ ಎಣಿಸುತ್ತಿರಲಿಲ್ಲ, ನನ್ನ ಹುಟ್ಟು ಎಣಿಸುತ್ತಿತ್ತು.

ಅಂಗಡಿಗೆ ಬಂದು ಭೂತಗನ್ನಡಿ ಇಟ್ಟು ನೋಡಿದೆ. ವಾಚಿನ ಹಿಂಬದಿ ಹಸಿರು ದೀಪಗಳು ಮಿನುಗುತ್ತವಲ್ಲ, ಎದೆಬಡಿತ ತಿಳಿಯುವ ಬಗೆಯೇ ಅದು. ಚರ್ಮದೊಳಗೆ ಬೆಳಕು ಬಿಡುತ್ತದೆ. ಪ್ರತಿ ಬಡಿತಕ್ಕೂ ರಕ್ತ ಉಕ್ಕುತ್ತದೆ, ವಾಪಸ್ ಬರುವ ಬೆಳಕು ಕಮ್ಮಿ ಆಗುತ್ತದೆ. ಆ ಏರಿಳಿತವನ್ನೇ ಎಣಿಸುತ್ತದೆ. ಕೈ ಆಡದಿದ್ದರೆ ಒಳ್ಳೆಯ ಉಪಾಯ. ಹುಟ್ಟು ಹಿಡಿದಾಗ ಏನಾಗುತ್ತದೆ ನೋಡಿ. ನಿಮ್ಮ ಮಣಿಕಟ್ಟಿನ ಒಳಬದಿ ಮೇಲಿಟ್ಟುಕೊಂಡು ಮುಷ್ಟಿ ಬಿಗಿ ಮಾಡಿ. ಹುರಿಹಗ್ಗದ ಹಾಗೆ ನರಗಳು ಎದ್ದು ನಿಲ್ಲುತ್ತವೆ, ಅಲ್ವಾ? ಬಿಡಿ, ಒಳಗೆ ಹೋಗುತ್ತವೆ. ಎರಡು ಗಂಟೆಯಲ್ಲಿ ಇದು ಸಾವಿರಾರು ಸಲ ಆಗುತ್ತದೆ. ಪ್ರತಿ ಸಲವೂ ವಾಚು ಚರ್ಮದಿಂದ ಕೂದಲೆಳೆಯಷ್ಟು ಏಳುತ್ತದೆ, ಕೂರುತ್ತದೆ. ನಡುವೆ ನೀರು ನುಗ್ಗುತ್ತದೆ. ಈ ಕುಣಿತದಲ್ಲಿ ಪಾಪ ಅದಕ್ಕೆ ರಕ್ತದ ಏರಿಳಿತ ಯಾವುದು, ಕೈಯ ಏರಿಳಿತ ಯಾವುದು ಅಂತ ತಿಳಿಯುವುದಿಲ್ಲ. ದುಬಾರಿ ವಾಚಿಗೂ ಇದೇ ಗತಿ, ಸ್ವಲ್ಪ ಕಮ್ಮಿ ಅಷ್ಟೇ. ಹುಟ್ಟು ಹಾಕುವವನಿಗೆ ಎದೆಬಡಿತ ನೋಡಲು ಮಣಿಕಟ್ಟಿನಷ್ಟು ಕೆಟ್ಟ ಜಾಗ ಮೈಮೇಲೆ ಇನ್ನೊಂದಿಲ್ಲ.

ದಾರಿ ಎರಡಿವೆ. ಒಂದು, ಎದೆಗೆ ಕಟ್ಟುವ ಪಟ್ಟಿ. ಅದು ಬೆಳಕಿನ ಆಟ ಆಡುವುದಿಲ್ಲ. ಇಸಿಜಿ ಥರ ಎದೆಯ ವಿದ್ಯುತ್ತನ್ನೇ ಹಿಡಿಯುತ್ತದೆ. ಲೆಕ್ಕ ಬಹಳ ಸರಿ. ಆದರೆ ಮೇಲೆ ಲೈಫ್ ಜಾಕೆಟ್ ಬಂದರೆ ಉಜ್ಜಿ ಉಜ್ಜಿ ಕೆಳಗೆ ಜಾರುತ್ತದೆ. ನಡುನೀರಿನಲ್ಲಿ ಜಾಕೆಟ್ ಬಿಚ್ಚಿ ಅದನ್ನು ಮೇಲೆತ್ತಿಕೊಳ್ಳಲಿಕ್ಕೆ ಆಗುತ್ತದೆಯೇ? ಇನ್ನೊಂದು, ತೋಳಿಗೆ ಕಟ್ಟುವ ಪಟ್ಟಿ. ಇದರಲ್ಲೂ ಅದೇ ಹಸಿರು ದೀಪ, ಆದರೆ ಜಾಗ ಬೇರೆ. ಮೊಣಕೈ ಮೇಲೆ ಮಾಂಸ ಜಾಸ್ತಿ, ಎಳೆದಾಡುವ ನರ ಕಮ್ಮಿ. ನಾನು ಇದನ್ನೇ ಆರಿಸಿಕೊಂಡೆ. ಸುಮಾರು 5,000 ರೂಪಾಯಿ ಆಯಿತು. ಕುತ್ತಿಗೆ ಮುಟ್ಟಿ ಎಣಿಸಿದ ಲೆಕ್ಕಕ್ಕೂ ಇದಕ್ಕೂ ಎರಡು ಮೂರು ಬಡಿತದ ವ್ಯತ್ಯಾಸ ಬರುತ್ತದೆ. ಅಷ್ಟು ಸಾಕು.

ಇಲ್ಲೇ ಜನ ಎಡವುವುದು. ತೋಳುಪಟ್ಟಿ ತಂದೆ, ಮಗಳು ಕೊಟ್ಟ ಬ್ಯಾಂಡು ಅದರ ಜೊತೆ ಮಾತೇ ಆಡಲಿಲ್ಲ. ಅಗ್ಗದ ಬ್ಯಾಂಡುಗಳಲ್ಲಿ ಬಹಳಷ್ಟು ಹೀಗೇ. ತಮ್ಮ ಕಣ್ಣಿಗೆ ಕಂಡಿದ್ದಷ್ಟೇ ಸತ್ಯ, ಹೊರಗಿನ ಪಟ್ಟಿಯ ಮಾತು ಕೇಳುವುದಿಲ್ಲ. ಹಾಗಾಗಿ ಅಂಗಡಿಗೆ ಹೋದಾಗ ಪರದೆ ಎಷ್ಟು ಇಂಚು, ಎಷ್ಟು ಆಟಗಳ ಮೋಡ್ ಇದೆ ಅಂತ ಕೇಳುವ ಮೊದಲು ಇದನ್ನು ಕೇಳಿ. ವ್ಯಾಯಾಮ ಮಾಡುವಾಗ ಹೊರಗಿನ ಎದೆಬಡಿತದ ಪಟ್ಟಿಯನ್ನು ಬ್ಲೂಟೂತಿನಲ್ಲೋ, ಅದರ ಥರದ್ದೇ ಆದ ಆಂಟ್ ಪ್ಲಸ್ ಅನ್ನುವ ವೈರ್‌ಲೆಸ್‌ನಲ್ಲೋ ಇದಕ್ಕೆ ಜೋಡಿಸಬಹುದಾ? ಹುಡುಗ ತಲೆ ಕೆರೆದುಕೊಂಡರೆ ಅಲ್ಲಿಂದ ಹೊರಡಿ. ಗಾರ್ಮಿನ್‌ನ ಓಟದ ವಾಚುಗಳಿಗೆ ಜೋಡಿಸಬಹುದು, ಆಪಲ್ ವಾಚಿಗೂ ಜೋಡಿಸಬಹುದು. ಕಯಾಕ್‌ಗೆ ಅಂತಲೇ ಮೋಡ್ ಇರುವ ಗಾರ್ಮಿನ್ ಮಾಡೆಲ್‌ಗಳೂ ಇವೆ. ಆಪಲ್‌ನಲ್ಲಿ ಪ್ಯಾಡ್ಲಿಂಗ್ ಅನ್ನುವ ಹೆಸರಿದೆ. ಆದರೆ ಮೋಡ್ ಇದೆ ಅಂದ ಮಾತ್ರಕ್ಕೆ ಮಣಿಕಟ್ಟಿನ ತೊಂದರೆ ಹೋಗುವುದಿಲ್ಲ.

ಈಗ ಮುಳುಗಿದ ವಾಚಿನ ಕಥೆ.

ಎರಡನೆಯ ವಾಚನ್ನು ನಾನೇ ಕೊಂಡೆ. ಪಟ್ಟಿ ಜೋಡಿಸಬಹುದಾದದ್ದು, ಸ್ವಂತ ಜಿಪಿಎಸ್ ಇದ್ದದ್ದು. ಬೆಲೆ ಹೇಳುವುದಿಲ್ಲ, ಹೆಂಡತಿ ಈ ಪತ್ರಿಕೆ ಓದುತ್ತಾಳೆ. ಮಾರಿದ ಹುಡುಗ '50 ಮೀಟರ್ ವಾಟರ್‌ಪ್ರೂಫ್ ಅಂಕಲ್, ಸಮುದ್ರಕ್ಕೇ ಇಳಿಸಿ' ಅಂದ. ಮೂರನೆಯ ಶನಿವಾರ ಕ್ಯಾಂಪಿನವರು ದೋಣಿ ಮಗುಚಿದರೆ ಮತ್ತೆ ಹತ್ತುವುದು ಹೇಗೆ ಅಂತ ಕಲಿಸುತ್ತಿದ್ದರು. ಬೇಕಂತಲೇ ಮಗುಚಿಕೊಂಡೆ. ಹೊಟ್ಟೆ ಮೇಲೆ ತೆವಳಿ ದೋಣಿ ಹತ್ತುವಾಗ ಎಡಗೈ ಅಂಚಿಗೆ ಉಜ್ಜಿತು. ಕೂತು ಉಸಿರು ಬಿಟ್ಟು ನೋಡುತ್ತೇನೆ, ಮಣಿಕಟ್ಟು ಖಾಲಿ. ಬಿಳಿ ಗುರುತು ಮಾತ್ರ ಇತ್ತು. ನೀರು ಹಸಿರು ಹಸಿರಾಗಿ ಸುಮ್ಮನಿತ್ತು.

ಆ ವಾಚು ನೀರು ಕುಡಿದು ಸಾಯಲಿಲ್ಲ ಸ್ವಾಮಿ, ಬೆಲ್ಟಿನ ಕಡ್ಡಿ ಬಿಚ್ಚಿ ಸತ್ತಿತು. ವಾಚಿಗೂ ಬೆಲ್ಟಿಗೂ ಗಂಟು ಹಾಕುವುದು ಸ್ಪ್ರಿಂಗ್ ಬಾರ್ ಅನ್ನುವ ಒಂದು ಉಕ್ಕಿನ ಕಡ್ಡಿ. ಗುಂಡುಸೂಜಿಗಿಂತ ಸ್ವಲ್ಪ ದಪ್ಪ ಇರುತ್ತದೆ. ಒಳಗೆ ಸ್ಪ್ರಿಂಗ್, ಎರಡು ತುದಿಗೆ ಎರಡು ಮೊಳೆ. ಈಗಿನ ಬೆಲ್ಟುಗಳಲ್ಲಿ ಉಗುರಿನಿಂದ ಎಳೆದು ಬಿಚ್ಚಲು ಕಡ್ಡಿಗೆ ಒಂದು ಪುಟ್ಟ ಗುಬುಟು ಇಟ್ಟಿರುತ್ತಾರೆ. ದಿನಕ್ಕೊಂದು ಬಣ್ಣದ ಬೆಲ್ಟ್ ಹಾಕುವವರಿಗೆ ಅನುಕೂಲ. ದೋಣಿಯ ಅಂಚಿಗೆ ಸಿಕ್ಕಿದರೆ ದೋಣಿಗೂ ಅನುಕೂಲ. ನಲವತ್ತು ವರ್ಷ ಇದೇ ಕಡ್ಡಿಗಳನ್ನು ಚಿಮುಟದಲ್ಲಿ ಹಿಡಿದವನು ನಾನು. ಗಿರಾಕಿಗಳಿಗೆ ಬದಲಾಯಿಸಿ ಅಂತ ಹೇಳುವವನು. ನನ್ನದನ್ನೇ ನೋಡಿಕೊಳ್ಳಲಿಲ್ಲ.

ಈಗಿನ ವಾಚಿಗೆ ಗುಬುಟಿಲ್ಲದ ದಪ್ಪ ಕಡ್ಡಿ ಹಾಕಿದ್ದೇನೆ. ಬೆಲ್ಟು ನೈಲಾನಿನದು, ಒಂದೇ ಉದ್ದದ ಪಟ್ಟಿ. ಎರಡೂ ಕಡ್ಡಿಯ ಕೆಳಗೆ, ವಾಚಿನ ಬೆನ್ನ ಹಿಂದೆ ಹಾದು ಹೋಗುತ್ತದೆ. ಒಂದು ಕಡ್ಡಿ ಹೋದರೂ ಇನ್ನೊಂದರಲ್ಲಿ ವಾಚು ನೇತಾಡಿಕೊಂಡು ಇರುತ್ತದೆ. ಬೆನ್ನ ಹಿಂದೆ ಹಾದರೆ ಹಸಿರು ದೀಪ ಮುಚ್ಚಿಹೋಗುತ್ತದಲ್ಲ ಅಂತ ಬುದ್ಧಿವಂತರು ಕೇಳುತ್ತಾರೆ. ಮುಚ್ಚಲಿ ಬಿಡಿ, ನನ್ನ ಎದೆಬಡಿತ ತೋಳಿನಿಂದ ಬರುತ್ತದೆ. ಕಡ್ಡಿ ಬೆಲ್ಟು ಎರಡಕ್ಕೂ ಸೇರಿ ಮುನ್ನೂರು ರೂಪಾಯಿ ದಾಟುವುದಿಲ್ಲ.

ಇನ್ನು 5 ಎಟಿಎಂ, 50 ಮೀಟರ್ ಅನ್ನುವ ಮಾತು. ಎಟಿಎಂ ಅಂದರೆ ಇಲ್ಲಿ ಒತ್ತಡದ ಅಳತೆ. ಹೊಸ ವಾಚನ್ನು ಅಲ್ಲಾಡದ ಹಾಗೆ ಇಟ್ಟು, ಅಷ್ಟು ಆಳದ ನೀರಿನಲ್ಲಿರುವ ಒತ್ತಡ ಕೊಟ್ಟು ಪರೀಕ್ಷೆ ಮಾಡಿದ್ದೇವೆ ಅಂತ ಅದರ ಅರ್ಥ. 50 ಮೀಟರ್ ಕೆಳಗೆ ಧುಮುಕಿ ಅಂತ ಅಲ್ಲ. ಕೈ ಬೀಸಿದರೆ ಒತ್ತಡ ವಿಪರೀತ ಏರಿ 50 ಮೀಟರಿನ ವಾಚೂ ಸೋರುತ್ತದೆ ಅಂತ ಹೆದರಿಸುವವರೂ ಇದ್ದಾರೆ. ಅದೂ ಸುಳ್ಳು. ಸೆಕೆಂಡಿಗೆ 5 ಮೀಟರ್ ವೇಗದಲ್ಲಿ ಕೈಯನ್ನು ನೀರಿಗೆ ಹೊಡೆದರೂ ಸೇರುವ ಒತ್ತಡ ಒಂದೂಕಾಲು ಮೀಟರ್ ಆಳದಷ್ಟು, ಅಷ್ಟೇ. ಹುಟ್ಟು ಹಾಕುವವರಿಗೆ 5 ಎಟಿಎಂ ಧಾರಾಳ. ಐಪಿ67 ಅಂತ ಬರೆದಿದ್ದರೆ ಮಾತ್ರ ಬೇಡ. ಅದು 1 ಮೀಟರ್ ನೀರಿನಲ್ಲಿ 30 ನಿಮಿಷದ ಪರೀಕ್ಷೆ, ಮಳೆಗೆ ಸಾಕು. ನೀರು ಒಳಗೆ ಹೋಗುವುದು ಆಳದಿಂದ ಅಲ್ಲ, ವಯಸ್ಸಿನಿಂದ. ವಾಚಿನ ಸಂದಿ ಮುಚ್ಚುವ ರಬ್ಬರ್ ಗ್ಯಾಸ್ಕೆಟ್ ಬೆವರು, ಸೋಪು, ಸನ್‌ಸ್ಕ್ರೀನ್ ಎಲ್ಲ ಕುಡಿದು ಗಟ್ಟಿಯಾಗುತ್ತದೆ. ಕಾರಿನ ಡ್ಯಾಶ್‌ಬೋರ್ಡಿನಲ್ಲಿ ಬಿಸಿಲಿಗೆ ಬೇಯಿಸಿ ತಕ್ಷಣ ತಣ್ಣೀರಿಗೆ ಅದ್ದಿದರೆ ಇನ್ನೂ ಬೇಗ ಕೆಡುತ್ತದೆ. ಮನೆಗೆ ಬಂದು ನಲ್ಲಿ ನೀರಿನಲ್ಲಿ ತೊಳೆದು, ಒರೆಸಿ, ಆಮೇಲೆ ಚಾರ್ಜಿಗೆ ಹಾಕಿ. ಒದ್ದೆ ಇರುವಾಗಲೇ ಹಾಕಿ ಚಾರ್ಜಿನ ಪಿನ್ನು ಹಸಿರು ಹಿಡಿಸಿಕೊಂಡು ಬರುವವರು ನನ್ನ ಅಂಗಡಿಗೆ ತಿಂಗಳಿಗೆ ಇಬ್ಬರಾದರೂ ಇರುತ್ತಾರೆ.

ಟಚ್ ಪರದೆ ನೀರಿನ ಹನಿಯನ್ನೂ ಬೆರಳು ಅಂದುಕೊಳ್ಳುತ್ತದೆ. ಗುಂಡಿ ಇರುವ ವಾಚೇ ತಗೊಳ್ಳಿ. ಬಿಸಿಲಿನಲ್ಲಿ ಅಂಕಿ ಕಾಣಬೇಕು, ಅಂಗಡಿಯಿಂದ ಹೊರಗೆ ತಂದು ನೋಡಿ ಕೊಳ್ಳಿ. ಕನ್ನಡದ ಮೆಸೇಜು ಡಬ್ಬಿ ಡಬ್ಬಿಯಾಗಿ ಕಾಣದ ವಾಚು ಸಿಕ್ಕರೆ ನನಗೂ ತಿಳಿಸಿ.

ಜಿಪಿಎಸ್ ಬಗ್ಗೆ ಒಂದೆರಡು ಮಾತು. ಅಗ್ಗದ ಬ್ಯಾಂಡುಗಳು ಫೋನಿನ ಜಿಪಿಎಸ್ ಸಾಲ ತಗೊಳ್ಳುತ್ತವೆ. ಫೋನನ್ನು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ದೋಣಿಯ ಹೊಟ್ಟೆಯೊಳಗೆ ಇಟ್ಟಿರುತ್ತೀರಿ. ಬ್ಲೂಟೂತಿಗೆ ನೀರು, ಮೈ ಎರಡೂ ಗೋಡೆ ಇದ್ದ ಹಾಗೆ. ಹೆಜ್ಜೆಹೆಜ್ಜೆಗೂ ಸಂಪರ್ಕ ಕಡಿಯುತ್ತದೆ. ವಾಚಿನಲ್ಲೇ ಜಿಪಿಎಸ್ ಇರಲಿ. ಡ್ಯುಯಲ್ ಬ್ಯಾಂಡ್, ಅಂದರೆ ಎರಡು ತರಂಗ ಹಿಡಿಯುವ ಜಿಪಿಎಸ್ ಅಂತ ಜಾಸ್ತಿ ದುಡ್ಡು ಕೇಳಿದರೆ ಕೊಡಬೇಕಾಗಿಲ್ಲ. ಅದು ಎತ್ತರದ ಕಟ್ಟಡಗಳ ಸಂದಿಯಲ್ಲಿ ಓಡುವವರಿಗೆ. ಹಿನ್ನೀರಿನ ಮೇಲೆ ಆಕಾಶ ಪೂರ್ತಿ ತೆರೆದಿರುತ್ತದೆ. ನಮ್ಮೂರಿನ ಇಸ್ರೊ 2023ರ ಮೇ 29ರಂದು ಹಾರಿಸಿದ ಎನ್‌ವಿಎಸ್-01 ಉಪಗ್ರಹದಲ್ಲಿ ಎಲ್1 ಅನ್ನುವ ತರಂಗ ಸೇರಿಸಿದ್ದಾರೆ. ವಾಚಿನಂಥ ಪುಟ್ಟ ಯಂತ್ರಕ್ಕೂ ನಾವಿಕ್, ಅಂದರೆ ಜಿಪಿಎಸ್ ಥರದ ನಮ್ಮದೇ ವ್ಯವಸ್ಥೆ, ಸಿಗಲಿ ಅಂತಲೇ ಹಾಗೆ ಮಾಡಿದ್ದು. ಎಚ್‌ಎಂಟಿಯವನಾದ ನನಗೆ ಇದನ್ನು ಓದಿ ಹೊಟ್ಟೆ ತಣ್ಣಗಾಯಿತು. ಮಂಚನಬೆಲೆಯಲ್ಲಿ ನಾನು ಎಲ್ಲಿದ್ದೇನೆ ಅಂತ ಹೇಳುವ ಉಪಗ್ರಹ ನಮ್ಮದೇ ಆಗಲಿ, ಅಲ್ವಾ?

ಆದರೆ ಒಂದು ಕಿತಾಪತಿ ಇದೆ. ವಾಚು ಕೈಮೇಲಿದ್ದರೆ ಅದು ದೋಣಿಯ ಜೊತೆ ಹೋಗುವುದಿಲ್ಲ, ಕೈಯ ಜೊತೆ ಹೋಗುತ್ತದೆ. ಕೈ ಮುಂದೆ ಚಾಚಿದರೆ ವೇಗ ಏರಿತು ಅನ್ನುತ್ತದೆ, ಹಿಂದೆ ಎಳೆದರೆ ಇಳಿಯಿತು ಅನ್ನುತ್ತದೆ. ಅಂಕಿ ಒಂದೇ ಸಮ ಕುಣಿಯುತ್ತದೆ. ನಾನು ವಾಚನ್ನು ಕೈಯಿಂದ ಬಿಚ್ಚಿ, ದೋಣಿಯ ಮುಂಭಾಗದ ಎಲಾಸ್ಟಿಕ್ ಹಗ್ಗಕ್ಕೆ ಸುತ್ತಿ ಬಕಲ್ ಹಾಕುತ್ತೇನೆ. ಮೇಲೊಂದು ಮೀನುದಾರದ ಗಂಟು. ಒಂದು ಸಲ ಬುದ್ಧಿ ಬಂದಿದೆಯಲ್ಲ. ಈಗ ಅದು ಕಣ್ಣೆದುರೇ ಇರುತ್ತದೆ, ಕೈ ತಿರುಗಿಸಿ ನೋಡಬೇಕಾಗಿಲ್ಲ. ವೇಗ 4.5 ಅಂದರೆ ನಾಲ್ಕೂವರೆಯೇ. ತೋಳುಪಟ್ಟಿಯ ಬಡಿತವೂ ಅದರಲ್ಲೇ ಕಾಣುತ್ತದೆ. ಕೈಯ ಏಟು ಎಷ್ಟು ಅನ್ನುವ ಲೆಕ್ಕ ಮಾತ್ರ ತಪ್ಪಿಹೋಯಿತು. ಪಂದ್ಯಕ್ಕೆ ತಯಾರಿ ಮಾಡುವ ಹುಡುಗರಿಗೆ ಆ ಲೆಕ್ಕ ಬೇಕು, ಅವರು ಮಣಿಕಟ್ಟಿನಲ್ಲೇ ಇಟ್ಟುಕೊಳ್ಳಲಿ. ನನಗೆ 120 ದಾಟದಿದ್ದರೆ ಸಾಕು.

ಅಳಿಯನ ಆಫೀಸಿನಲ್ಲಿ ಹೆಜ್ಜೆ ಪಂದ್ಯ ನಡೆಯುತ್ತದೆ, ತಿಂಗಳಿಗೆ ಜಾಸ್ತಿ ಹೆಜ್ಜೆ ಹಾಕಿದವರಿಗೆ ಕೂಪನ್ನು. ಶನಿವಾರ ಎರಡು ಗಂಟೆ ಹುಟ್ಟು ಹಾಕಿದ ಅವನು ಕೊನೆಯಿಂದ ಮೂರನೆಯವನು. ಅವನ ಪಕ್ಕದ ಮೇಜಿನವನು ಬ್ಯಾಂಡನ್ನು ಮಗುವಿನ ತೊಟ್ಟಿಲಿಗೆ ಕಟ್ಟಿ ಮೊದಲ ಬಹುಮಾನ ಹೊಡೆದನಂತೆ. ಇಂಥ ಪಂದ್ಯ ನಡೆಸುವವರು ಹೆಜ್ಜೆಯ ಬದಲು ಎದೆಬಡಿತ ಏರಿದ ನಿಮಿಷ ಎಣಿಸಿದರೆ ಹುಟ್ಟು ಹಾಕುವವರಿಗೂ ಈಜುವವರಿಗೂ ಗಾಲಿಕುರ್ಚಿ ತಳ್ಳಿಕೊಂಡು ಹೋಗುವವರಿಗೂ ನ್ಯಾಯ ಸಿಗುತ್ತದೆ. ಇದನ್ನೂ ದಯವಿಟ್ಟು ಅಚ್ಚು ಹಾಕಿ, ಕತ್ತರಿಸಬೇಡಿ.

ಕೊನೆಗೆ ಒಂದು ತಿದ್ದುಪಡಿ. ಅದೇ ಪುಟದ ಕೆಳಗಿನ ಬಾಕ್ಸಿನಲ್ಲಿ '5 ಎಟಿಎಂ ಇದ್ದರೆ 50 ಮೀಟರ್ ಆಳದವರೆಗೆ ಧರಿಸಿ ಮುಳುಗಬಹುದು' ಅಂತ ಅಚ್ಚಾಗಿದೆ. ಅದು ತಪ್ಪು. ಯಾರಾದರೂ ನಂಬಿ ಡೈವಿಂಗ್‌ಗೆ ಕಟ್ಟಿಕೊಂಡು ಹೋಗುವ ಮೊದಲು ಸರಿಪಡಿಸಿ. ಆ ಜಾಗದಲ್ಲಿ ಸ್ಪ್ರಿಂಗ್ ಬಾರ್ ಬಗ್ಗೆ ಎರಡು ಸಾಲು ಹಾಕಿದರೆ ಇನ್ನೂ ಒಳ್ಳೆಯದು. ಚಿತ್ರ ಬೇಕಾದರೆ ಅಂಗಡಿಗೆ ಯಾರನ್ನಾದರೂ ಕಳಿಸಿ, ಮುರಿದ ಕಡ್ಡಿಗಳು ಒಂದು ಡಬ್ಬಿ ತುಂಬ ಇವೆ.

ಇಂತಿ,
ಗಡಿಯಾರ ರಿಪೇರಿಯವ
ಮತ್ತಿಕೆರೆ, ಬೆಂಗಳೂರು